ಮಯೂರಖಂಡಿ ಮತ್ತು ಸೈಮೂರು: ರಾಷ್ಟ್ರಕೂಟರ ಬಂದರುಪೇಟೆಯನ್ನು ಕಂಡವರು

ರಾಷ್ಟ್ರಕೂಟ ಮೂರನೆಯ ಗೋವಿಂದನ ರಾಧನಪುರ ತಾಮ್ರಶಾಸನ ಶಕ 730ರದು, ಅಂದರೆ ಕ್ರಿ.ಶ. 808ರದು. ಶ್ರಾವಣ ಅಮಾವಾಸ್ಯೆಯ ಸೂರ್ಯಗ್ರಹಣದ ಸಂದರ್ಭದಲ್ಲಿ ಕೊಟ್ಟ ದಾನ ಅದು. ಆಗ ಅರಸ ಬೀಡು ಬಿಟ್ಟಿದ್ದ ಸ್ಥಳ ಮಯೂರಖಂಡಿ. ನಾಸಿಕ ಜಿಲ್ಲೆಯ ವಣಿಯಲ್ಲಿ ಸಿಕ್ಕ ಇದೇ ಅರಸನ ಇನ್ನೊಂದು ಶಾಸನವೂ ಮಯೂರಖಂಡಿಯಿಂದಲೇ ಹೊರಟದ್ದು. ಬೀದರ ಜಿಲ್ಲೆ ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯೇ ಆ ಮಯೂರಖಂಡಿ ಎಂಬುದು ನಮ್ಮ ಕಡೆ ನೆಲೆಯೂರಿದ ಮಾತು. ಮಾನ್ಯಖೇಟಕ್ಕಿಂತ ಮುಂಚೆ ರಾಷ್ಟ್ರಕೂಟರ ರಾಜಧಾನಿ ಇಲ್ಲಿತ್ತೆಂದು ಪಠ್ಯಗಳಲ್ಲೂ ಬಂದಿದೆ. ಈ ಟಿಪ್ಪಣಿ ಹೊರಟದ್ದು ಆ ಗುರುತನ್ನು ಇನ್ನೊಮ್ಮೆ ತೂಗಿ ನೋಡುವುದಕ್ಕೆ. ಹಾಗೆ ನೋಡುತ್ತ ಹೋದರೆ ಎದುರಾಗುವುದು ಮೋರಖಂಡಿಗಿಂತ ಬಹಳ ಪಡುವಲಲ್ಲಿ, ಕೊಂಕಣದ ಕಡಲಂಚಿನಲ್ಲಿ ಇದ್ದ ಒಂದು ದೊಡ್ಡ ಬಂದರುಪೇಟೆ. ಒಳನಾಡಿನ ಅರಸನ ಬೀಡು ಎಲ್ಲಿತ್ತೆಂದು ಹೇಳಬಲ್ಲ ಸಾಕ್ಷ್ಯ ಕಡಿಮೆ. ಅದೇ ಅರಸರ ಬಂದರಿನಲ್ಲಿ ಯಾರು ಯಾರು ಇದ್ದರು, ಏನು ಉಂಡರು, ಯಾರ ಮುಂದೆ ನ್ಯಾಯ ಕೇಳಿದರು ಎಂಬುದಕ್ಕೆ ಸಾಕ್ಷ್ಯ ಧಾರಾಳವಾಗಿದೆ. ಅದನ್ನು ಬರೆದಿಟ್ಟವರು ಹಡಗಿನಿಂದ ಇಳಿದ ಪ್ರವಾಸಿಗಳು.

ಮೊದಲು ಗುರುತಿನ ಪ್ರಶ್ನೆ. ಬ್ಯೂಲರ್ ಎಂಬ ವಿದ್ವಾಂಸ ಮಯೂರಖಂಡಿಯನ್ನು ನಾಸಿಕ ಜಿಲ್ಲೆಯ ಮೋರಖಿಂಡ ಅಥವಾ ಮಾರ್ಕಿಂಡಾ ಗಿರಿದುರ್ಗವೆಂದು ಗುರುತಿಸಿದ. ವಣಿಯೂ ಸಪ್ತಶೃಂಗಿಯೂ ಅದರ ಮಗ್ಗುಲಲ್ಲೇ ಇವೆ. ವಣಿ ಶಾಸನದಲ್ಲಿ ದಾನ ಕೊಟ್ಟ ಊರು ನಾಸಿಕ ದೇಶದ ವಟನಗರ ವಿಷಯಕ್ಕೆ (ಆಡಳಿತ ವಿಭಾಗಕ್ಕೆ) ಸೇರಿದ್ದು. ರಾಧನಪುರ ಶಾಸನದ ದಾನದ ಊರು ರಾಸಿಯನ ಭುಕ್ತಿಯದು. ಅದು ಅಹ್ಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ರಾಶೀನ್ ಸೀಮೆ. ದಾನದ ಊರುಗಳು ಆ ಕಡೆ ಇರುವುದರಿಂದ ಬೀಡೂ ಆ ಕಡೆಯೇ ಇದ್ದಿರಬೇಕು ಎಂಬ ವಾದ ಮೇಲ್ನೋಟಕ್ಕೆ ಗಟ್ಟಿ ಅನಿಸುತ್ತದೆ. ಮೋರಖಂಡಿಯ ಪರವಾಗಿ ಇರುವುದು ಹೆಸರು. ಮಯೂರವು ಮೋರ ಆಗುವುದು ಪ್ರಾಕೃತದಿಂದ ಮರಾಠಿಯವರೆಗೆ ಸಹಜವಾಗಿ ನಡೆದ ಬದಲಾವಣೆ. ಆದರೆ ಇದೇ ನಿಯಮ ನಾಸಿಕದ ಮೋರಖಿಂಡಕ್ಕೂ ಅನ್ವಯಿಸುತ್ತದೆ. ಹಾಗಾಗಿ ಹೆಸರಿನ ಬಲ ಎರಡೂ ಕಡೆಗೆ ಸಮ.

ದಾನದ ಊರನ್ನು ನೋಡಿ ಬೀಡನ್ನು ಹುಡುಕುವ ದಾರಿಯೂ ನಂಬುವಂಥದ್ದಲ್ಲ. ಅಮೋಘವರ್ಷನ ಸಂಜಾನ ತಾಮ್ರಶಾಸನ ಶಕ 793ರದು, ಕ್ರಿ.ಶ. 871. ದಾನ ಕೊಟ್ಟ ಊರು ಗುಜರಾತಿನ ವಲಸಾಡ ಜಿಲ್ಲೆಯ ಸಂಜಾನ ಬಂದರಿನ ಆಸುಪಾಸಿನದು. ಅರಸ ಇದ್ದದ್ದು ಮಾನ್ಯಖೇಟದಲ್ಲಿ, ಅಂದರೆ ಕಾಗಿಣಾ ನದಿಯ ದಡದ ಮಳಖೇಡದಲ್ಲಿ. ಕಡಲಂಚಿನ ಹಳ್ಳಿಯೊಂದರ ಕಂದಾಯವನ್ನು ಸೇಡಂ ಸೀಮೆಯಲ್ಲಿ ಕುಳಿತು ಬಿಟ್ಟುಕೊಡುವ ಅರಸರಿಗೆ, ನಾಸಿಕದ ಹಳ್ಳಿಯನ್ನು ಬಸವಕಲ್ಯಾಣದ ಕಡೆಯಿಂದ ಕೊಡುವುದೇನೂ ಕಷ್ಟವಲ್ಲ. ಅದರಿಂದ ಬ್ಯೂಲರನ ವಾದ ಬಿದ್ದುಹೋಗುವುದಿಲ್ಲ, ಅದರ ಒಂದು ಕಾಲು ಮಾತ್ರ ಸಡಿಲಾಗುತ್ತದೆ. ಇತಿಹಾಸಕಾರ ಆಳ್ತೇಕರರು 1934ರ ತಮ್ಮ ಗ್ರಂಥದಲ್ಲಿ ಬೇರೆಯೇ ಆಕ್ಷೇಪ ಎತ್ತಿದರು. ಶಾಸನಗಳು ಹೇಳುವುದು ಅರಸ ಅಲ್ಲಿ ಬೀಡು ಬಿಟ್ಟಿದ್ದನೆಂದಷ್ಟೇ, ಅದು ರಾಜಧಾನಿ ಎನ್ನಲು ಆಧಾರವಿಲ್ಲ ಎಂಬುದು ಅವರ ಅಭಿಪ್ರಾಯ. ಇದು ನನಗೆ ಒಪ್ಪಿತ. ದಂಡಯಾತ್ರೆಯಲ್ಲೇ ಆಯುಷ್ಯ ಕಳೆದ ಮೂರನೆಯ ಗೋವಿಂದನ ಮಟ್ಟಿಗೆ ‘ರಾಜಧಾನಿ’ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಊರಿನ ಮೇಲಿನ ಅಭಿಮಾನ ಒಳ್ಳೆಯದೇ, ಶಾಸನದ ಜಾಗದಲ್ಲಿ ಅದನ್ನು ಕೂರಿಸಬಾರದು.

ಮೋರಖಂಡಿಯ ಪಕ್ಷಕ್ಕೆ ಒಂದು ಮಾತನ್ನು ಮಾತ್ರ ಸೇರಿಸಬಹುದು. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಪುರದ ಒಡೆಯರೆಂದು ಕರೆದುಕೊಂಡವರು. ಲಟ್ಟಲೂರು ಇಂದಿನ ಲಾತೂರು, ಬಸವಕಲ್ಯಾಣದ ನೆರೆಯ ಜಿಲ್ಲೆ. ಉತ್ತರ ಕೊಂಕಣವನ್ನು ಅವರ ಸಾಮಂತರಾಗಿ ಆಳಿದ ಶಿಲಾಹಾರರ ಬಿರುದು ‘ತಗರಪುರವರಾಧೀಶ್ವರ’. ತಗರವೆಂದರೆ ಧಾರಾಶಿವ ಜಿಲ್ಲೆಯ ತೇರ್. ಅದೂ ಇದೇ ಪ್ರಸ್ಥಭೂಮಿಯದು. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ನಾವಿಕ ಕೈಪಿಡಿಯೂ ತಗರದಿಂದ ಭರುಕಚ್ಛದ ಬಂದರಿಗೆ ಬಂಡಿಗಳಲ್ಲಿ ಸರಕು ಇಳಿಯುತ್ತಿದ್ದುದನ್ನು ಬಲ್ಲದು. ಲಾತೂರು, ತೇರ್, ಬಸವಕಲ್ಯಾಣ, ಮಳಖೇಡ ಇವೆಲ್ಲ ಒಂದೇ ಮೇಲ್ನಾಡಿನ ಊರುಗಳು. ಕಡಲ ಬಂದರುಗಳನ್ನು ಆಳಿದ ಎರಡೂ ಮನೆತನಗಳು ತಮ್ಮ ಬೇರನ್ನು ಹೇಳಿಕೊಂಡದ್ದು ಈ ಕಡೆಯ ಕಪ್ಪು ಮಣ್ಣಿನ ಊರುಗಳಲ್ಲಿ. ಇಂದಿಗೂ ಹುಮ್ನಾಬಾದಿನ ಹಾದಿಯಾಗಿ ಹೋಗುವ ಹೆದ್ದಾರಿ ಸೊಲ್ಲಾಪುರ ಹಾಯ್ದು ಪುಣೆ ಸೇರುತ್ತದೆ, ಅಲ್ಲಿಂದ ಘಟ್ಟ ಇಳಿದರೆ ಕೊಂಕಣ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಸವಕಲ್ಯಾಣದ ಇತಿಹಾಸ ಬರೆಯುವ ಉತ್ಸಾಹಿಗಳು ಕೆಲವೊಮ್ಮೆ ಗ್ರೀಕ್ ಗ್ರಂಥಗಳ ‘ಕಲ್ಲಿಯೇನ’ವನ್ನು ನಮ್ಮ ಕಲ್ಯಾಣಕ್ಕೆ ತಂದು ಕಟ್ಟುತ್ತಾರೆ. ಅದು ಠಾಣೆ ಜಿಲ್ಲೆಯ ಕಲ್ಯಾಣ, ಖಾರಿಯ ದಡದ ಬಂದರು. ಕಾನ್ಹೇರಿ ಗುಹೆಗಳಲ್ಲಿ ದಾನ ಮಾಡಿದ ಕಲ್ಯಾಣದ ವರ್ತಕರೂ ಅಲ್ಲಿಯವರೇ. ಆರನೆಯ ಶತಮಾನದಲ್ಲಿ ಕಾಸ್ಮಸ್ ಎಂಬಾತ ಕ್ರೈಸ್ತ ಬಿಷಪ್ ಇದ್ದಾನೆಂದು ಬರೆದ ‘ಕಲ್ಲಿಯಾನ’ವೂ ಕಡಲ ಬಂದರೇ ಹೊರತು ಚಾಲುಕ್ಯರ ರಾಜಧಾನಿಯಲ್ಲ. ನಮ್ಮ ಕಲ್ಯಾಣ ಹೆಸರಿಗೆ ಬಂದದ್ದು ಹನ್ನೊಂದನೆಯ ಶತಮಾನದಲ್ಲಿ.

ಈಗ ಬಂದರಿಗೆ ಬರೋಣ. ಅರಬ್ಬೀ ಬರಹಗಳಲ್ಲಿ ಸೈಮೂರ್ ಎಂದು ಬರುವ ಊರು ರಾಯಗಡ ಜಿಲ್ಲೆ ಅಲಿಬಾಗ ತಾಲ್ಲೂಕಿನ ಚೌಲ. ಕುಂಡಲಿಕಾ ಖಾರಿ ಕಡಲು ಸೇರುವ ಬಾಯಿಯಲ್ಲಿದೆ. ಟಾಲೆಮಿಯ ಸಿಮಿಲ್ಲ, ಕಾನ್ಹೇರಿಯ ಚೆಮುಲ, ಶಿಲಾಹಾರ ಶಾಸನಗಳ ಚೆಮೂಲ್ಯ ಎಲ್ಲವೂ ಇದೇ. ಅದರ ಬಡಗಣಕ್ಕೆ ಠಾಣೆ, ಸೊಪಾರಾ, ಸಂಜಾನ, ಇನ್ನೂ ಮೇಲೆ ಖಂಭಾತ. ಇಂದಿನ ಮುಂಬೈ ಆಗ ಬಂದರೇ ಅಲ್ಲ, ಈ ಊರುಗಳ ನಡುವಿನ ಕೆಲವು ದ್ವೀಪಗಳು. ಆದರೆ ಇಂದು ಮುಂಬೈಗೆ ಹೋದವರು ಕಾಣುವ ಊರು, ನಾನಾ ದೇಶದ ನಾನಾ ಮತದ ಜನ ಒಂದೇ ಪೇಟೆಯಲ್ಲಿ ಬದುಕುವ ಊರು, ಹನ್ನೊಂದು ಶತಮಾನಗಳ ಹಿಂದೆ ಚೌಲದಲ್ಲಿತ್ತು.

ಅರಬ್ಬೀ ಮೂಲಗಳಲ್ಲಿ ಹಳೆಯದು ಹಿಜರಿ 237ರ, ಅಂದರೆ ಕ್ರಿ.ಶ. 851ರ ವೃತ್ತಾಂತ. ಸುಲೈಮಾನ್ ಎಂಬ ವರ್ತಕ ಬರೆದದ್ದೆಂದು ರೂಢಿ. ಗ್ರಂಥದೊಳಗೆ ಅವನ ಹೆಸರು ಬರುವುದು ಸುದ್ದಿ ಹೇಳಿದವನಾಗಿ, ಕರ್ತೃವಾಗಿ ಅಲ್ಲ. ಅದರಲ್ಲಿ ಜಗತ್ತಿನ ನಾಲ್ಕು ದೊಡ್ಡ ಅರಸರ ಎಣಿಕೆ ಇದೆ: ಅರಬ್ಬರ ಖಲೀಫ, ಚೀನದ ಚಕ್ರವರ್ತಿ, ರೂಮಿನ ದೊರೆ, ನಾಲ್ಕನೆಯವನು ಕಿವಿ ಚುಚ್ಚಿಸಿಕೊಳ್ಳುವವರ ಅರಸ ‘ಬಲ್ಹರಾ’. ಬಲ್ಹರಾ ಎಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ. ಅವನ ನಾಡು ಕೊಂಕಣದ ಕಡಲಂಚಿನಿಂದ ಆರಂಭವಾಗುತ್ತದೆ ಎಂದೂ, ಅರಬ್ಬರ ಮೇಲೆ ಅವನಿಗೂ ಅವನ ಪ್ರಜೆಗಳಿಗೂ ತುಂಬ ಪ್ರೀತಿ ಎಂದೂ, ಆ ಪ್ರೀತಿಯ ಫಲವಾಗಿಯೇ ಬಲ್ಹರಾಗಳು ಐವತ್ತು ವರ್ಷ ಆಳುತ್ತಾರೆಂದು ಆ ಜನ ನಂಬುತ್ತಾರೆಂದೂ ಬರೆದಿದೆ. ಇದನ್ನು ಓದಿ ನಗಬೇಕಿಲ್ಲ. 851ರಲ್ಲಿ ಸಿಂಹಾಸನದ ಮೇಲಿದ್ದವನು ಅಮೋಘವರ್ಷ. 814ರಲ್ಲಿ ಪಟ್ಟಕ್ಕೆ ಬಂದು ಆಗಲೇ ಮೂವತ್ತೇಳು ವರ್ಷ ಕಳೆದಿದ್ದ, ಮುಂದೆಯೂ ಕಾಲು ಶತಮಾನ ಆಳಿದ. ಬಂದರಿನ ವರ್ತಕರಿಗೆ ಅರಸ ಬದಲಾಗದಿರುವುದು ದೊಡ್ಡ ಸಂಗತಿ. ಸುಂಕದ ದರ, ನಾಣ್ಯ, ಮಾತು ಕೊಟ್ಟ ಅಧಿಕಾರಿ ಎಲ್ಲವೂ ಅದರೊಂದಿಗೆ ಉಳಿಯುತ್ತವೆ. ಕಾರಣವನ್ನು ಅವರು ತಮಗೆ ಬೇಕಾದಂತೆ ಹೇಳಿಕೊಂಡರು, ಸಂಗತಿ ಮಾತ್ರ ನಿಜ.

ಈ ಬರಹಗಳಲ್ಲೆಲ್ಲ ಹೆಚ್ಚು ಬೆಲೆಯುಳ್ಳದ್ದು ಅಲ್ ಮಸೂದಿಯದು. ಬಾಗ್ದಾದಿನ ಈ ವಿದ್ವಾಂಸ ಹಿಜರಿ 304ರಲ್ಲಿ, ಕ್ರಿ.ಶ. 916–17ರಲ್ಲಿ, ತಾನೇ ಸೈಮೂರಿನಲ್ಲಿದ್ದೆನೆಂದು ಹೇಳುತ್ತಾನೆ. ಆಗ ಮಾನ್ಯಖೇಟದ ಅರಸ ಮೂರನೆಯ ಇಂದ್ರ. ಅವನ ಸೇನೆ ಕನೌಜಿನತ್ತ ನಡೆದದ್ದೂ ಹೆಚ್ಚುಕಡಿಮೆ ಅದೇ ವರ್ಷ. ಸೈಮೂರನ್ನು ಬಲ್ಹರಾನ ಪರವಾಗಿ ಆಳುತ್ತಿದ್ದವನ ಹೆಸರನ್ನು ಮಸೂದಿ ‘ಜಂಜ್’ ಎಂದು ಬರೆದಿದ್ದಾನೆ. ಶಿಲಾಹಾರರ ವಂಶಾವಳಿಯಲ್ಲಿ ಝಂಝ ಎಂಬ ಅರಸನಿದ್ದಾನೆ, ತನ್ನ ಹೆಸರಿನಲ್ಲಿ ಹನ್ನೆರಡು ಶಿವಾಲಯ ಕಟ್ಟಿಸಿದನೆಂದು ನಂತರದ ತಾಮ್ರಶಾಸನಗಳು ಹೊಗಳುತ್ತವೆ. ಪರದೇಶದ ಪ್ರವಾಸಿಯ ಕಿವಿಗೆ ಬಿದ್ದ ಹೆಸರು, ಬೇರೆ ಲಿಪಿಯಲ್ಲಿ ಬರೆದದ್ದು, ಸ್ಥಳದ ಶಾಸನದ ಹೆಸರಿಗೆ ಇಷ್ಟು ಸರಿಯಾಗಿ ಹೊಂದುವುದು ಅಪರೂಪ. ಮಸೂದಿ ಸೈಮೂರಿಗೆ ಹೋಗಿದ್ದನೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಅವನು ಕೊಡುವ ಚಿತ್ರ ಹೀಗಿದೆ. ಊರಿನಲ್ಲಿ ಸುಮಾರು ಹತ್ತು ಸಾವಿರ ಮುಸಲ್ಮಾನರು. ಸಿರಾಫ್, ಒಮಾನ್, ಬಸ್ರಾ, ಬಾಗ್ದಾದುಗಳಿಂದ ಬಂದು ಇಲ್ಲಿಯೇ ಮದುವೆಯಾಗಿ ಮನೆ ಮಾಡಿದವರು ಕೆಲವರು, ಇಲ್ಲಿಯೇ ಹುಟ್ಟಿದವರು ಕೆಲವರು. ಇಲ್ಲಿ ಹುಟ್ಟಿದವರಿಗೆ ‘ಬಯಾಸಿರ’ ಎಂಬ ಬೇರೆ ಹೆಸರೇ ಇತ್ತು. ಅವರ ನಡುವಿನ ವ್ಯಾಜ್ಯ ತೀರಿಸಲು ಅವರಲ್ಲೇ ಒಬ್ಬ ಮುಖ್ಯಸ್ಥ, ‘ಹುನರ್ಮ’ ಎಂದು ಅವನ ಪದವಿ. ಮಸೂದಿ ಇದ್ದಾಗ ಆ ಸ್ಥಾನದಲ್ಲಿದ್ದವನು ಅಬು ಸಯೀದ್ ಮಾರೂಫ್ ಬಿನ್ ಜಕರಿಯಾ. ಹತ್ತು ಸಾವಿರವೆಂಬ ಸಂಖ್ಯೆಯನ್ನು ಜನಗಣತಿಯಂತೆ ಓದಬಾರದು, ‘ಬಹಳ ಜನ’ ಎಂಬುದಕ್ಕೆ ಆ ಕಾಲದ ಬರಹಗಾರರು ಬಳಸುವ ದುಂಡು ಲೆಕ್ಕ ಅದು. ಹೆಸರುಗಳು ಹಾಗಲ್ಲ. ಊರಿನ ಪ್ರಮುಖರನ್ನು ಹೆಸರಿಟ್ಟು ಹೇಳುವವನು ಅವರ ಮನೆಯಲ್ಲಿ ಕುಳಿತು ಬಂದವನೇ ಇರಬೇಕು.

ಪೇಟೆಯ ಒಂದು ದೃಶ್ಯವನ್ನೂ ಅವನು ಬಿಡಿಸಿದ್ದಾನೆ. ಅಗ್ನಿಪ್ರವೇಶಕ್ಕೆ ಸಂಕಲ್ಪ ಮಾಡಿದ ಯುವಕನೊಬ್ಬ ವಾದ್ಯಗಳೊಂದಿಗೆ ಬೀದಿ ಬೀದಿ ಸುತ್ತುತ್ತಾನೆ. ನೆತ್ತಿಯ ಮೇಲೆ ಕೆಂಡ. ಆದರೂ ಅವನು ಮುಖ ಕಿವುಚದೆ ಎಲೆ ಅಡಿಕೆ ಜಗಿಯುತ್ತ ನಡೆಯುತ್ತಾನೆ. ಇಲ್ಲಿ ನನ್ನ ಗಮನ ಹೋಗುವುದು ಕೆಂಡಕ್ಕಲ್ಲ, ಎಲೆ ಅಡಿಕೆಗೆ. ಬೆರಗು ಹುಟ್ಟಿಸಬೇಕೆಂದು ಕಟ್ಟಿದ ಕತೆಯಲ್ಲಿ ಕೆಂಡ ಬರುತ್ತದೆ. ಜಗಿಯುವ ಬಾಯಿ ಬರುವುದು ನೋಡಿದವನ ಬರಹದಲ್ಲಿ.

ಹುನರ್ಮನ ಅಧಿಕಾರ ಎಂಥದ್ದೆಂಬುದಕ್ಕೆ ಇನ್ನೊಂದು ಮೂಲದಲ್ಲಿ ಉದಾಹರಣೆ ಸಿಗುತ್ತದೆ. ಹತ್ತನೆಯ ಶತಮಾನದ ನಡುವಿನಲ್ಲಿ ನಾವಿಕರ ಕತೆಗಳನ್ನು ಒಟ್ಟುಮಾಡಿದ ಬುಜುರ್ಗ್ ಬಿನ್ ಶಹರಿಯಾರನ ‘ಹಿಂದೂ ದೇಶದ ಅದ್ಭುತಗಳು’ ಗ್ರಂಥದಲ್ಲಿ, ಸೈಮೂರಿನ ದೇಗುಲದೊಳಗೆ ಹೊಕ್ಕು ಅಪಚಾರ ಮಾಡಿದ ನಾವಿಕನೊಬ್ಬನ ಪ್ರಸಂಗವಿದೆ. ಊರಿನ ಒಡೆಯ ಅವನನ್ನು ತಾನೇ ದಂಡಿಸದೆ, ಅಂದಿನ ಹುನರ್ಮ ಅಬ್ಬಾಸ್ ಬಿನ್ ಮಾಹಾನನ ಮುಂದೆ ನಿಲ್ಲಿಸುತ್ತಾನೆ. ಗ್ರಂಥದಲ್ಲಿ ದೊಡ್ಡ ಹಕ್ಕಿಯಂಥ ನಾವಿಕರ ಬಡಾಯಿ ಬೇಕಾದಷ್ಟಿದೆ. ಆದರೆ ಈ ಪ್ರಸಂಗದ ಹಿಂದಿರುವ ವ್ಯವಸ್ಥೆ ಬಡಾಯಿಯಲ್ಲ. ಅಪರಾಧ ನಡೆದದ್ದು ದೇಗುಲದಲ್ಲಾದರೂ ಅಪರಾಧಿಯ ನ್ಯಾಯ ಅವನ ಸಮುದಾಯದ ಹಿರಿಯನ ಕೈಯಲ್ಲಿ. ಆ ಹಿರಿಯನಿಗೆ ಆ ಅಧಿಕಾರ ಬಂದದ್ದು ಊರಿನ ಒಡೆಯನಿಂದ.

ಹತ್ತನೆಯ ಶತಮಾನದ ಭೂಗೋಳಕಾರರಾದ ಇಸ್ತಖ್ರಿ, ಇಬ್ನ್ ಹೌಕಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಖಂಭಾತದಿಂದ ಸೈಮೂರಿನವರೆಗಿನದು ಬಲ್ಹರಾನ ನಾಡು, ಅಲ್ಲಿನ ಊರುಗಳಲ್ಲಿ ಜುಮ್ಮಾ ಮಸೀದಿಗಳಿವೆ, ಅಲ್ಲಿನ ಮುಸಲ್ಮಾನರ ಮೇಲೆ ಬಲ್ಹರಾನ ಪರವಾಗಿ ಅಧಿಕಾರ ನಡೆಸುವವನು ಮುಸಲ್ಮಾನನೇ ಎಂದು ಅವರು ಬರೆದರು. ಮಾವು, ತೆಂಗು, ನಿಂಬೆ, ಅಕ್ಕಿ, ಜೇನು ಹೇರಳ, ಖರ್ಜೂರ ಮಾತ್ರ ಇಲ್ಲ ಎಂಬ ಮಾತೂ ಇದೆ. ತನ್ನ ಊರಿನ ಹಣ್ಣಿಲ್ಲವೆಂದು ಪೇಚಾಡುವುದು ಎಲ್ಲ ಕಾಲದ ಪ್ರಯಾಣಿಕರ ಗುಣ. ಬಲ್ಹರಾ ಮುಸಲ್ಮಾನ ಅಧಿಕಾರಿಯನ್ನು ನೇಮಿಸುತ್ತಾನೆ ಎಂಬ ಹೇಳಿಕೆಯನ್ನು ಇತಿಹಾಸಕಾರರಿಗೆ ಬಹುಕಾಲ ಅರಬ್ಬರ ಆತ್ಮಪ್ರಶಂಸೆ ಎಂದೇ ಬಗೆಯಲು ಅವಕಾಶವಿತ್ತು, ಏಕೆಂದರೆ ಅದನ್ನು ಬೆಂಬಲಿಸುವ ದೇಶೀಯ ದಾಖಲೆ ಇರಲಿಲ್ಲ. 1950ರ ದಶಕದಲ್ಲಿ ಆ ದಾಖಲೆ ಸಿಕ್ಕಿತು.

ಈಗಿನ ಪಾಲಘರ ಜಿಲ್ಲೆ ಡಹಾಣು ತಾಲ್ಲೂಕಿನ ಚಿಂಚಣಿಯಲ್ಲಿ ಸಿಕ್ಕ ತಾಮ್ರಶಾಸನಗಳನ್ನು ದಿನೇಶಚಂದ್ರ ಸರ್ಕಾರ್ ಸಂಪಾದಿಸಿ ಪ್ರಕಟಿಸಿದರು. ಅವುಗಳಲ್ಲಿ ಮೊದಲನೆಯದು ಶಕ 848ರದು, ಕ್ರಿ.ಶ. 926, ಮೂರನೆಯ ಇಂದ್ರನ ಕಾಲದ್ದು. ಮಸೂದಿ ಸೈಮೂರಿನಿಂದ ಹೋಗಿ ಹತ್ತು ವರ್ಷವೂ ಆಗಿರಲಿಲ್ಲ. ಶಾಸನ ಹೇಳುವಂತೆ, ಇಂದ್ರನಿಗಿಂತ ಹಿಂದೆ ಆಳಿದ ಕೃಷ್ಣರಾಜನ ಕೃಪೆಯಿಂದ ಸಂಯಾನ ಮಂಡಲವನ್ನು, ಅಂದರೆ ಸಂಜಾನ ಸೀಮೆಯನ್ನು, ಪಡೆದು ಆಳುತ್ತಿದ್ದವನು ಮಧುಮತಿ. ಸುಗತಿಪ ಎಂಬುದು ಅವನ ಇನ್ನೊಂದು ಹೆಸರು. ತಂದೆ ಸಹಿಯಾರಹಾರ. ಕುಲ ತಾಜಿಕ, ಅಂದರೆ ಅರಬ್ಬ. ಮಧುಮತಿ ಎಂದರೆ ಮುಹಮ್ಮದ್, ಸಹಿಯಾರಹಾರ ಎಂದರೆ ಶಹರಿಯಾರ್ ಎಂದು ಸರ್ಕಾರ್ ಓದಿದರು, ಆ ಓದು ನಿಂತಿದೆ. ತಂದೆಯ ಹೆಸರು ಪಾರಸಿ, ಮಗನದು ಅರಬ್ಬಿ, ಇಬ್ಬರದೂ ಸಂಸ್ಕೃತದ ಉಡುಗೆಯಲ್ಲಿ, ಒಡೆಯ ಮಳಖೇಡದ ಕನ್ನಡ ದೊರೆ. ಒಂದು ಬಂದರಿನ ಬದುಕು ಇಷ್ಟು ಅಡಕವಾಗಿ ಇನ್ನೆಲ್ಲೂ ಸಿಗುವುದಿಲ್ಲ.

ಶಾಸನ ಇವನನ್ನು ಹೊಗಳುವುದು ಯುದ್ಧಕ್ಕೆ ಮಾತ್ರವಲ್ಲ. ನೆರೆಯ ಬಂದರುಗಳ ಒಡೆಯರನ್ನು ಗೆದ್ದು ತನ್ನ ಅಧಿಕಾರಿಗಳನ್ನು ಇಟ್ಟ ಎಂಬುದು ಸರಿಯೇ. ಅದರ ಜೊತೆಗೆ, ಎರಡು ಹೊಳೆಗಳಲ್ಲಿ ಕಾಸಿಲ್ಲದೆ ದಾಟಿಸುವ ದೋಣಿ ಇಟ್ಟನಂತೆ, ಸಂಜಾನದಲ್ಲಿ ಛತ್ರ ಕಟ್ಟಿಸಿ ಶಾಲಿ ಅಕ್ಕಿಯ ಅನ್ನ, ಮೇಲೋಗರ, ತುಪ್ಪ ಬಡಿಸುವ ಏರ್ಪಾಡು ಮಾಡಿದನಂತೆ. ಬರಿಯ ಅನ್ನದಾನವೆಂದು ಹೇಳಿ ಮುಗಿಸಬಹುದಿತ್ತು. ಎಲೆಗೆ ಬೀಳುವ ಪದಾರ್ಥಗಳನ್ನು ಹೆಸರಿಟ್ಟು ತಾಮ್ರದಲ್ಲಿ ಕೊರೆಸಿದ್ದಾರೆ. ಮುಂದೆ ಯಾರಾದರೂ ತುಪ್ಪ ಕಡಿತ ಮಾಡಿದರೆ ಕೇಳಲು ಆಧಾರ ಇರಲಿ ಎಂಬ ಲೆಕ್ಕವೂ ಇದ್ದೀತು. ದಾರಿಯಲ್ಲಿ ಬರುವವನಿಗೆ ಬೇಕಾದದ್ದು ಎರಡೇ, ಹೊಳೆ ದಾಟಲು ದೋಣಿ ಮತ್ತು ಮುಟ್ಟಿದ ಮೇಲೆ ಊಟ. ಸಂಜಾನದ ಅರಬ್ಬ ಅಧಿಕಾರಿ ಅದೆರಡನ್ನೂ ಬಲ್ಲವನು.

ಶಾಸನದ ಮುಖ್ಯ ವಿಷಯ ಇನ್ನೂ ಮುಂದಿದೆ. ಅಣ್ಣಯ್ಯನೆಂಬ ಬ್ರಾಹ್ಮಣ ಸಂಜಾನದಲ್ಲಿ ಭಗವತಿಯ ಮಠಿಕೆಯೊಂದನ್ನು ಕಟ್ಟಿಸಿದ. ಅವನ ಗೆಳೆಯ ಪುವ್ವಯ್ಯ ಮಧುಮತಿಯ ಮಂತ್ರಿ. ಇವರ ಕೋರಿಕೆಯಂತೆ ದೇವಿಯ ನೈವೇದ್ಯಕ್ಕೂ ಮಠಿಕೆಯಲ್ಲಿರುವ ಪಂಚಗೌಡೀಯ ಮಹಾಪರಿಷತ್ತಿನ ಒಂಬತ್ತು ಜನರ ಊಟಕ್ಕೂ ಮಧುಮತಿ ಒಂದು ಹಳ್ಳಿಯನ್ನೂ ಸ್ವಲ್ಪ ಭೂಮಿಯನ್ನೂ ಬಿಟ್ಟುಕೊಟ್ಟ, ಇಂದ್ರರಾಜನ ಅನುಮತಿ ಪಡೆದು. ಮುಸಲ್ಮಾನ ಅಧಿಕಾರಿ, ದೇವಿಯ ಮಠ, ಉತ್ತರ ದೇಶದ ಬ್ರಾಹ್ಮಣ ಪರಿಷತ್ತು, ದಕ್ಷಿಣದ ದೊರೆ. ಅಣ್ಣಯ್ಯ, ಪುವ್ವಯ್ಯ ಎಂಬ ಹೆಸರುಗಳು ನಮ್ಮ ಕಿವಿಗೆ ಮನೆಯ ಹೆಸರುಗಳಂತೆ ಕೇಳಿಸುತ್ತವೆ. ಇವರು ಘಟ್ಟದ ಮೇಲಿನಿಂದ ಅಧಿಕಾರದೊಂದಿಗೆ ಇಳಿದು ಬಂದ ಕುಳಗಳಿರಬಹುದು. ಹೆಸರಿನಿಂದ ಇದಕ್ಕಿಂತ ಹೆಚ್ಚು ಹಿಂಡಬಾರದು.

ಮೂರನೆಯ ಕೃಷ್ಣನ ಕಾಲದ ಚಿಂಚಣಿ ಶಾಸನವೊಂದರಲ್ಲಿ ಇದೇ ಮಠಕ್ಕೂ ನೆರೆಯ ಭಿಲ್ಲಮಾಲದೇವರ ಗುಡಿಗೂ ನಡುವಿನ ಜಾಗದ ಕಿರಿಕಿರಿಯನ್ನು ಬಗೆಹರಿಸಿದ ವಿಷಯ ಬರುತ್ತದೆ. ಭಿಲ್ಲಮಾಲವೆಂದರೆ ರಾಜಸ್ಥಾನದ ಭಿನ್ಮಾಲ, ಅಲ್ಲಿಂದ ಬಂದ ವರ್ತಕರ ದೇವರು ಅದು. ಶಕ 956ರ, ಕ್ರಿ.ಶ. 1034ರ, ಮತ್ತೊಂದು ಶಾಸನ ಊರ ಪ್ರಮುಖರನ್ನು ಸಂಬೋಧಿಸುವಾಗ ‘ಹಂಜಮನ’ವನ್ನೂ ಅಲ್ಲಿಯ, ಮಹರ, ಮಧುಮತ ಎಂಬ ಹೆಸರಿನವರನ್ನೂ ಸೇರಿಸುತ್ತದೆ. ಹಂಜಮನವೆಂದರೆ ಅಂಜುಮನ್, ಪಾರಸಿಗಳ ಸಂಘ. ರಾಷ್ಟ್ರಕೂಟರು ಅಳಿದು ಅರವತ್ತು ವರ್ಷವಾಗಿದ್ದರೂ ಬಂದರಿನ ಕಟ್ಟುಪಾಡು ಹಾಗೆಯೇ ನಡೆದಿತ್ತು. ನನ್ನ ಮಟ್ಟಿಗೆ ಈ ಶಾಸನಗಳಿಂದ ಸಿದ್ಧವಾಗುವ ಮುಖ್ಯ ಸಂಗತಿ ಇದು: ಕೊಂಕಣದ ಬಂದರುಗಳಲ್ಲಿ ನಾನಾ ಜನ ಕೂಡಿ ಬಾಳಿದ್ದು ಕಡಲ ಗಾಳಿಯ ಗುಣದಿಂದಲ್ಲ. ಘಟ್ಟದ ಮೇಲಿನ ದೊರೆ ಸುಂಕ ಬರುವ ಊರನ್ನು ಆ ಊರಿನ ವ್ಯವಹಾರ ಬಲ್ಲವನಿಗೆ ಬಿಟ್ಟ, ನ್ಯಾಯವನ್ನು ಆಯಾ ಸಮುದಾಯದ ಹಿರಿಯನಿಗೆ ಬಿಟ್ಟ, ದಾನಕ್ಕೆ ಮಾತ್ರ ತನ್ನ ಅನುಮತಿ ಬೇಕೆಂದ. ಅದು ಆಡಳಿತದ ಲೆಕ್ಕಾಚಾರ.

ಎಲ್ಲ ಪ್ರವಾಸಿಗಳ ಮಾತೂ ಹೀಗೆ ಶಾಸನದೊಂದಿಗೆ ತಾಳೆ ಬೀಳುವುದಿಲ್ಲ. ಅಬು ದುಲಫ್ ಎಂಬವನ ಹೆಸರಿನಲ್ಲಿ ಉಳಿದು, ಮುಂದೆ ಯಾಕೂತ್, ಕಜ್ವೀನಿ ಎಂಬ ಭೂಗೋಳಕಾರರ ಗ್ರಂಥಗಳಲ್ಲಿ ಸೇರಿಕೊಂಡ ವರ್ಣನೆ ಸೈಮೂರಿನಲ್ಲಿ ಮಸೀದಿ, ಚರ್ಚು, ಯಹೂದ್ಯರ ಸಭಾಮಂದಿರ, ಅಗ್ನಿದೇಗುಲ ನಾಲ್ಕೂ ಇದ್ದವೆನ್ನುತ್ತದೆ. ಜನ ಬಲು ಚೆಲುವರು, ತುರುಕರಿಗೂ ಭಾರತೀಯರಿಗೂ ಹುಟ್ಟಿದವರು ಎನ್ನುತ್ತದೆ. ಸೈಮೂರಿ ಅಗರು ಎಂಬ ಸುಗಂಧದ ಕಟ್ಟಿಗೆಗೆ ಈ ಊರಿನ ಹೆಸರು ಅಂಟಿದೆ ಎಂದೂ ಹೇಳುತ್ತದೆ. ಅಗರಿನ ವಿಷಯ ನಂಬಬಹುದು, ಸರಕು ಬೆಳೆದ ಊರಿಗಿಂತ ಬಿಕರಿಯಾದ ಊರಿನ ಹೆಸರು ಅಂಟಿಕೊಳ್ಳುವುದು ವ್ಯಾಪಾರದಲ್ಲಿ ಸಾಮಾನ್ಯ. ಬೆಟ್ಟದ ಮೇಲಿನ ದೇಗುಲದಲ್ಲಿ ರತ್ನಗಳ ವಿಗ್ರಹಗಳೆಂಬುದು, ಊರಿಗೆ ಊರೇ ಮೀನು ಮೊಟ್ಟೆ ಮುಟ್ಟದೆಂಬುದು ಕೊಂಕಣದ ಬಂದರಿನ ಬಗ್ಗೆ ನಂಬುವ ಮಾತಲ್ಲ. ಅಬು ದುಲಫ್ ಇಲ್ಲಿಗೆ ಬಂದೇ ಇರಲಿಲ್ಲವೆಂಬ ಸಂಶಯ ವಿದ್ವಾಂಸರಲ್ಲಿದೆ. ನಾಲ್ಕು ಮತಗಳ ಮಂದಿರಗಳ ಸಾಲನ್ನು ಉಲ್ಲೇಖಿಸುವವರು ಇದನ್ನೂ ಜೊತೆಗೇ ಹೇಳಬೇಕು.

ನಂಬಲರ್ಹನಾದ ಮಸೂದಿಯೂ ಘಟ್ಟ ಹತ್ತಿದ ಕೂಡಲೇ ತಡವರಿಸುತ್ತಾನೆ. ಬಲ್ಹರಾನ ರಾಜಧಾನಿ ಮಾಂಕೀರ್ (ಮಾನ್ಯಖೇಟ) ಕಡಲಿನಿಂದ ಎಂಬತ್ತು ಸಿಂಧೀ ಫರ್ಸಖ್ ದೂರ, ಒಂದೊಂದು ಫರ್ಸಖ್ ಎಂಟು ಮೈಲಿ ಎಂದು ಅವನ ಲೆಕ್ಕ. ಅಂದರೆ ಆರುನೂರ ನಲವತ್ತು ಮೈಲಿ. ಮಳಖೇಡ ಕೊಂಕಣದ ಕರಾವಳಿಗೆ ಅಷ್ಟು ದೂರವಿಲ್ಲ. ಸೈಮೂರಿನ ಬೀದಿಯಲ್ಲಿ ಎಲೆ ಅಡಿಕೆ ಜಗಿಯುವ ಬಾಯನ್ನು ಕಂಡವನು ಮಾನ್ಯಖೇಟದ ದಾರಿಯನ್ನು ಕೇಳಿ ಬರೆದಿದ್ದಾನೆ. ಆದರೂ ಕೇಳಿ ಬರೆದದ್ದರಲ್ಲಿ ಒಂದು ಮಾತು ನಮಗೆ ಬೆಲೆಯುಳ್ಳದ್ದು. ಮಾಂಕೀರಿನವರ ಭಾಷೆ ‘ಕೀರಿಯ’, ಸೈಮೂರ್, ಸುಬಾರ (ಸೊಪಾರಾ), ಠಾಣೆಗಳ ಕರಾವಳಿಯ ಭಾಷೆ ‘ಲಾರಿಯ’ ಎಂದು ಅವನು ಬೇರ್ಪಡಿಸುತ್ತಾನೆ. ಕೀರಿಯ ಎಂಬುದು ಕನ್ನಡದ ಹೆಸರೇ ಅಪಭ್ರಂಶವಾದದ್ದು ಎಂದು ಕೆಲವರ ಊಹೆ. ಊಹೆ ಹೇಗೇ ಇರಲಿ, ಆಳುವವರ ಭಾಷೆ ಬೇರೆ, ಬಂದರಿನ ಭಾಷೆ ಬೇರೆ ಎಂಬುದು ಹಡಗಿನವರಿಗೂ ತಿಳಿದಿತ್ತು. ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿ ಗೋದಾವರಿಗಳ ನಡುವೆ ಗುರುತಿಸಿದ ಶತಮಾನದ ಮುಂದಿನ ಶತಮಾನದ ಮಾತಿದು. ಆ ಗ್ರಂಥ ಹುಟ್ಟಿದ ಆಸ್ಥಾನದ ಬೊಕ್ಕಸಕ್ಕೆ ಬಂದರಿನ ಸುಂಕವೂ ಸೇರುತ್ತಿತ್ತು.

ಬಂದರಿನಲ್ಲಿ ಇಳಿದು ಘಟ್ಟವನ್ನೂ ಹತ್ತಿ ನಮ್ಮ ಸೀಮೆಯವರೆಗೆ ಬಂದು ಬರೆದವನನ್ನು ಕಾಣಬೇಕಾದರೆ ಐದೂವರೆ ಶತಮಾನ ಮುಂದೆ ಹೋಗಬೇಕು. 1470ರ ಆಸುಪಾಸಿನಲ್ಲಿ ರಷ್ಯದ ತ್ವೆರ್ ಊರಿನ ವರ್ತಕ ಅಫಾನಾಸಿ ನಿಕಿತಿನ್ ಒಂದು ಕುದುರೆಯೊಂದಿಗೆ ಇದೇ ಚೌಲದಲ್ಲಿ ಇಳಿದ. ಬಿಳಿಯ ಮನುಷ್ಯನನ್ನು ನೋಡಲು ಹೋದಲ್ಲೆಲ್ಲ ಜನ ಬೆನ್ನು ಹತ್ತಿದರು ಎಂದು ಬರೆದ. ಜುನ್ನರಿನಲ್ಲಿ ಖಾನ ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕೊಡುವೆನೆಂದ. ಖುರಾಸಾನಿನ ಒಬ್ಬ ಖೋಜಾ ನಡುವೆ ಬಂದು ಬಿಡಿಸಿದ. ಅಲ್ಲಿಂದ ಬೀದರಿಗೆ ಬಂದು ಆ ಕುದುರೆಯನ್ನು ಮಾರಿದ, ಆಳಂದದ ಜಾತ್ರೆಯ ಕುದುರೆ ಸಂತೆಯನ್ನು ವರ್ಣಿಸಿದ. ಬೀದರ, ಬಸವಕಲ್ಯಾಣ, ಆಳಂದ ಒಂದಕ್ಕೊಂದು ನೆರೆಯ ಊರುಗಳು. ಕಡಲಿನಿಂದ ಈ ಮೇಲ್ನಾಡಿಗೆ ಮುಖ್ಯವಾಗಿ ಬೇಕಾಗಿದ್ದದ್ದು ಕುದುರೆ. ಬಹಮನಿಗಳ ಕಾಲದ ಈ ಸಂಬಂಧದ ಮೇಲೆ ಸಾಕಷ್ಟು ಬರೆದಾಗಿದೆ, ಇಲ್ಲಿ ಬೆಳೆಸುವುದಿಲ್ಲ.

ಮತ್ತೆ ಮೋರಖಂಡಿಯ ಮಾತು. 808ರ ಬೀಡು ನಾಸಿಕದ ಗಿರಿದುರ್ಗವೋ ಬಸವಕಲ್ಯಾಣದ ಹಳ್ಳಿಯೋ ಎಂಬುದನ್ನು ಹೆಸರಿನ ಸಾಮ್ಯದಿಂದ ತೀರ್ಮಾನಿಸಲಾಗದು, ದಾನದ ಊರುಗಳಿಂದಲೂ ಆಗದು. ನೆಲದ ಪರಿಶೀಲನೆ ಆಗಬೇಕು, ಎಂಟನೆಯ ಒಂಬತ್ತನೆಯ ಶತಮಾನದ ಕಟ್ಟಡದ ಕಲ್ಲು, ಇಟ್ಟಿಗೆ, ಮಡಕೆ ಚೂರುಗಳನ್ನು ಕ್ರಮವಾಗಿ ಗುರುತಿಸಬೇಕು. ಅಲ್ಲಿಯವರೆಗೆ ‘ರಾಜಧಾನಿ’ ಎಂಬ ಪದವನ್ನು ಫಲಕಗಳ ಮೇಲೆ ಬರೆಯಬಾರದು, ‘ಮಯೂರಖಂಡಿ ಎಂದು ಕೆಲವರು ಗುರುತಿಸುವ ಊರು’ ಎಂದರೆ ಸಾಕು. ಅದರಿಂದ ಊರಿನ ಮಾನಕ್ಕೇನೂ ಕುಂದಿಲ್ಲ.

ಕೊನೆಗೆ ಓದುಗರಿಗೊಂದು ಕೋರಿಕೆ. ಬಸವಕಲ್ಯಾಣ, ಹುಮ್ನಾಬಾದ ಕಡೆಯಿಂದ ದುಡಿಮೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಎಂದು ಮುಂಬೈಗೆ ಹೋಗುವವರು ಅಲ್ಲಿ ನೋಡುವ ಜಾಗಗಳ ಪಟ್ಟಿಗೆ ಬೊರಿವಲಿಯ ಕಾನ್ಹೇರಿ ಗುಹೆಗಳನ್ನೂ ಸೇರಿಸಿಕೊಳ್ಳಲಿ. ದರ್ಬಾರ್ ಗುಹೆ ಎಂದು ಕರೆಯುವ ಗುಹೆಯಲ್ಲಿ ಶಿಲಾಹಾರ ಕಪರ್ದಿಯ ಕಾಲದ ಶಾಸನಗಳಿವೆ, ಶಕ 775 ಮತ್ತು 799ರವು. ಗೌಡ ದೇಶದಿಂದ, ಅಂದರೆ ಬಂಗಾಳದ ಕಡೆಯಿಂದ, ಬಂದ ಅವಿಘ್ನಾಕರನೆಂಬ ಬೌದ್ಧ ಉಪಾಸಕ ಭಿಕ್ಷುಗಳ ವಸತಿಗೂ ಬಟ್ಟೆಗೂ ನೂರು ದ್ರಮ್ಮ ನಾಣ್ಯಗಳನ್ನು ಶಾಶ್ವತ ಠೇವಣಿಯಾಗಿ ಇಟ್ಟದ್ದು ಅಲ್ಲಿದೆ. ಒಡೆಯನ ಸ್ಥಾನದಲ್ಲಿ ಮಾನ್ಯಖೇಟದ ಅಮೋಘವರ್ಷನ ಹೆಸರಿದೆ. ಇನ್ನೊಂದು ಗುಹೆಯಲ್ಲಿ 1009 ಮತ್ತು 1021ರಲ್ಲಿ ಗುಹೆ ನೋಡಲು ಬಂದ ಪಾರಸಿಗಳು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರು, ದಿನಾಂಕ ಕೊರೆದು ಹೋಗಿದ್ದಾರೆ. ಗುಹೆಗಳು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗಿವೆ. ಸೋಮವಾರ ಉದ್ಯಾನಕ್ಕೆ ರಜೆ.